ಫರಸಿ ನೆಲದ ಮೇಲೆ ಪುಟ್ಟ ರೋಬಾಟ್

ರೋಬಾಟ್ ಎಂದೊಡನೆ ನೆನಪಾಗುವುದು ಸಿನಿಮಾದ ಉಕ್ಕಿನ ಮನುಷ್ಯ. ಶಾಲಾ ಮಕ್ಕಳ ಕೈಗೆ ಸಿಗುವ ರೋಬಾಟ್ ಮಾತ್ರ ಬಹಳ ಸರಳ: ಎರಡು ಮೋಟಾರು, ಎರಡು ಗಾಲಿ, ಬ್ಯಾಟರಿ ಮತ್ತು ಅಂಗೈಯಗಲದ ಆರ್ಡುಯಿನೊ ಎಂಬ ಸರ್ಕಿಟ್ ಹಲಗೆ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಈ ಹಲಗೆ, ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ನಮ್ಮ ಶಾಲೆಗಳಿಗೂ ಬಂದಿದೆ. 6ರಿಂದ 12ನೇ ತರಗತಿಯ ಮಕ್ಕಳಿಗೆ ಈ ಪ್ರಯೋಗಾಲಯಗಳು ಮೀಸಲು.

ಪ್ರೋಗ್ರಾಂ ಎಂದರೆ ಕ್ರಮವಾಗಿ ಬರೆದ ಆದೇಶಗಳ ಪಟ್ಟಿ. ಆರ್ಡುಯಿನೊದಲ್ಲಿ ಇದಕ್ಕೆ ಎರಡು ಭಾಗ. ಮೊದಲನೆಯದು ಒಮ್ಮೆ ಮಾತ್ರ ನಡೆಯುವ ಸಿದ್ಧತೆ. ಎರಡನೆಯದು ವಿದ್ಯುತ್ ಇರುವವರೆಗೂ ಮರುಕಳಿಸುವ ಕೆಲಸ. ಹಲಗೆಯ ಮೇಲಿನ ಪುಟ್ಟ ದೀಪವನ್ನು ಸೆಕೆಂಡಿಗೊಮ್ಮೆ ಮಿನುಗಿಸುವುದೇ ಮೊದಲ ಪಾಠ. ಇಲ್ಲಿ ಕಾಲವನ್ನು ಮಿಲಿಸೆಕೆಂಡಿನಲ್ಲಿ ಹೇಳಬೇಕು. ಒಂದು ಸೆಕೆಂಡಿಗೆ 1000.

ಮುಂದಿನ ಹೆಜ್ಜೆ ಗಾಲಿ ತಿರುಗಿಸುವುದು. ಮೋಟಾರನ್ನು ನೇರವಾಗಿ ಹಲಗೆಗೆ ಜೋಡಿಸಬಾರದು. ಅದು ಎಳೆಯುವಷ್ಟು ವಿದ್ಯುತ್ತನ್ನು ಹಲಗೆ ತಾಳದು. ನಡುವೆ ಮೋಟಾರ್ ಡ್ರೈವರ್ ಬೇಕು. ಮೊದಲ ಸಲ ರೋಬಾಟನ್ನು ಡಬ್ಬಿಯ ಮೇಲಿಟ್ಟು, ಗಾಲಿಗಳು ಗಾಳಿಯಲ್ಲಿ ಯಾವ ದಿಕ್ಕಿಗೆ ತಿರುಗುತ್ತವೆ ಎಂದು ನೋಡಿಯೇ ನೆಲಕ್ಕಿಳಿಸಬೇಕು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಈ ಭಾಗದ ಅನೇಕ ಶಾಲೆ, ಮನೆಗಳಲ್ಲಿ ಹಾಸಿರುವುದು ಚೌಕಾಕಾರದ ಶಹಾಬಾದ್ ಫರಸಿ. ಅದೇ ದೊಡ್ಡದೊಂದು ಗ್ರಾಫ್ ಹಾಳೆ! ರೋಬಾಟ್ 2 ಸೆಕೆಂಡಿನಲ್ಲಿ 40 ಸೆಂ.ಮೀ. ಸಾಗಿದರೆ ಅದರ ವೇಗ ಸೆಕೆಂಡಿಗೆ 20 ಸೆಂ.ಮೀ. ಫರಸಿಯ ಬದಿ 60 ಸೆಂ.ಮೀ. ಇದ್ದರೆ, ಅದನ್ನು ದಾಟಲು 3000 ಮಿಲಿಸೆಕೆಂಡು ಬೇಕು.

ಆದರೂ ರೋಬಾಟ್ ಗೆರೆಯ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಎರಡು ಮೋಟಾರುಗಳ ವೇಗ ಒಂದೇ ಇರದಿದ್ದರೆ ನಿಧಾನವಾದ ಗಾಲಿಯ ಕಡೆ ವಾಲುತ್ತದೆ. ಬ್ಯಾಟರಿ ಕುಗ್ಗಿದರೆ ಮೊದಲೇ ನಿಲ್ಲುತ್ತದೆ. ನುಣುಪು ಕಲ್ಲಿನ ಮೇಲೆ ಗಾಲಿ ಜಾರುತ್ತದೆ. ಕಾರಣ ಹುಡುಕಿ, ಒಂದೊಂದೇ ಅಂಕಿ ಬದಲಿಸಿ, ಮತ್ತೆ ಓಡಿಸುವುದೇ ನಿಜವಾದ ಕಲಿಕೆ. ಚಂದ್ರನ ಮೇಲೂ ಹೀಗೆಯೇ ಆಯಿತು. 2023ರ ಆಗಸ್ಟ್ 27ರಂದು 26 ಕಿಲೋ ತೂಕದ ಪ್ರಗ್ಯಾನ್ ಎದುರು 3 ಮೀಟರ್ ದೂರದಲ್ಲಿ 4 ಮೀಟರ್ ಅಗಲದ ಕುಳಿ ಕಂಡಿತು. ಇಸ್ರೊ ವಿಜ್ಞಾನಿಗಳು ಹೊಸ ಆದೇಶ ಕೊಟ್ಟು ಅದನ್ನು ಹಿಂದಿರುಗಿಸಿ, ಬೇರೆ ದಾರಿ ಹಿಡಿಸಿದರು.

"ಇದರಿಂದ ಅಂಕ ಬರುತ್ತದೆಯೇ?" ಎಂದು ಪಾಲಕರು ಕೇಳುವುದು ಸಹಜ. ವೇಗ, ಘರ್ಷಣೆ, ವಿದ್ಯುತ್ ಪ್ರವಾಹ ಎಲ್ಲವೂ ಪಠ್ಯದಲ್ಲಿರುವ ಪಾಠಗಳೇ. ಇಲ್ಲಿ ಅವು ಕಣ್ಣೆದುರು ಓಡಾಡುತ್ತವೆ. ಹುಡುಗರು ಸ್ಕ್ರೂಡ್ರೈವರ್ ಹಿಡಿದು, ಹುಡುಗಿಯರು ಬರೀ ಟಿಪ್ಪಣಿ ಬರೆಯುವಂತಾಗದಿರಲಿ. ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ. ಆ ಅರಸರ ರಾಜಧಾನಿ ಸೇಡಂ ತಾಲ್ಲೂಕಿನ ಮಳಖೇಡ. ಲೆಕ್ಕ ಈ ನೆಲಕ್ಕೆ ಹೊಸದಲ್ಲ.

ಪ್ರಯೋಗಾಲಯ ಇಲ್ಲದ ಶಾಲೆಯ ಮಕ್ಕಳೂ ನಿರಾಶರಾಗಬೇಕಿಲ್ಲ. ಒಬ್ಬರು ಕಣ್ಣು ಕಟ್ಟಿಕೊಂಡು ರೋಬಾಟ್ ಆಗಲಿ, ಇನ್ನೊಬ್ಬರು ಆದೇಶಗಳನ್ನು ಮೊದಲೇ ಚೀಟಿಯಲ್ಲಿ ಬರೆದು ಓದಲಿ: ಎರಡು ಫರಸಿ ಮುಂದೆ, ಬಲಕ್ಕೆ ತಿರುಗು, ಒಂದು ಫರಸಿ ಮುಂದೆ. ಗುರಿ ತಪ್ಪಿದರೆ ಚೀಟಿ ತಿದ್ದಿ. ಮೊದಲ ಪ್ರೋಗ್ರಾಂ ಬರೆದಂತಾಯಿತು.