ಗಾಡಿಯ ಬ್ಯಾಟರಿ: ತಿಳಿದು ಚಾರ್ಜು ಮಾಡೋಣ

ಮೋಟರ್ ಸೈಕಲ್ ಈಗ ಊರೂರಿಗೂ ಬಂದಿದೆ. ಡೇರಿಗೆ ಹಾಲು ಹೋಗುವುದು ಅದರ ಮೇಲೆ. ಸಂತೆಗೆ ಸೊಪ್ಪು ಹೋಗುವುದು ಅದರ ಮೇಲೆ. ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಓಡುವುದೂ ಅದರ ಮೇಲೇ.

ಈ ಗಾಡಿಗೆ ಪೆಟ್ರೋಲು ಹಾಕಿಸಲು ನಾವು ಮರೆಯುವುದಿಲ್ಲ. ಚಕ್ರಕ್ಕೆ ಗಾಳಿ ಹಿಡಿಸುತ್ತೇವೆ. ಆಯಿಲ್ ಬದಲಿಸುತ್ತೇವೆ. ಆದರೆ ಸೀಟಿನ ಕೆಳಗೋ, ಪಕ್ಕದ ಮುಚ್ಚಳದ ಒಳಗೋ ಒಂದು ಚಿಕ್ಕ ಪೆಟ್ಟಿಗೆ ಕೂತಿದೆ. ಅದು ಕೈಕೊಟ್ಟ ದಿನವೇ ನಮಗೆ ಅದರ ನೆನಪು. ಸ್ಟಾರ್ಟ್ ಗುಂಡಿ ಒತ್ತಿದರೆ ಬರೀ 'ಟಕ್ ಟಕ್' ಅನ್ನುತ್ತದೆ. ಹಾರನ್ನು ಗಂಟಲು ಕಟ್ಟಿದ ಹಾಗೆ ಕೂಗುತ್ತದೆ. ಆ ಪೆಟ್ಟಿಗೆಯೇ ಬ್ಯಾಟರಿ.

"ಬ್ಯಾಟರಿ ಇಳಿದಿದೆ, ಚಾರ್ಜು ಮಾಡಿದರೆ ಆಯ್ತು" ಅನ್ನುತ್ತೇವೆ. ನಿಜ, ಅದು ಕಷ್ಟದ ಕೆಲಸವಲ್ಲ. ಆದರೆ ತಿಳಿಯದೆ ಮಾಡಿದರೆ ಬ್ಯಾಟರಿ ಹಾಳು. ಕಣ್ಣಿಗೂ ಅಪಾಯ. ಹಾಗಾದರೆ ಏನು ಮಾಡಬೇಕು, ಏನು ಮಾಡಬಾರದು? ಬನ್ನಿ, ಒಂದೊಂದಾಗಿ ತಿಳಿಯೋಣ.

ಹಿಂದಿನ ಗಾಡಿ, ಈಗಿನ ಗಾಡಿ

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1996ರಲ್ಲಿ ಅದು ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ನಮ್ಮ ಹಿರಿಯರು ಬಲ್ಲರು. ಅವುಗಳಲ್ಲಿ ಸ್ಟಾರ್ಟ್ ಗುಂಡಿ ಇರಲಿಲ್ಲ. ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿ ಕಿಕ್ ಹೊಡೆಯಬೇಕಿತ್ತು. ಆಗ ಬ್ಯಾಟರಿಗೆ ಇದ್ದ ಕೆಲಸ ಕಡಿಮೆ.

ಈಗ ಹಾಗಿಲ್ಲ. 2017ರ ಏಪ್ರಿಲ್ 1ರಿಂದ ಬಂದ ಹೊಸ ಗಾಡಿಗಳಲ್ಲಿ ಹಗಲಿನಲ್ಲೂ ಮುಂದಿನ ದೀಪ ಉರಿಯುತ್ತಲೇ ಇರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂತು. ಆಮೇಲೆ ಬಂದ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವುದು ಕರೆಂಟಿನ ಪಂಪು. ಎಷ್ಟು ಚಿಮ್ಮಿಸಬೇಕು ಅಂತ ಲೆಕ್ಕ ಹಾಕುವುದು ಒಂದು ಪುಟ್ಟ ಕಂಪ್ಯೂಟರು. ಇವೆಲ್ಲಕ್ಕೂ ಬ್ಯಾಟರಿ ಬೇಕು. ಹಲವು ಗಾಡಿಗಳಲ್ಲಿ ಕಿಕ್ಕೇ ಇಲ್ಲ. ಬ್ಯಾಟರಿ ತೀರಾ ಬರಿದಾದರೆ ಕೆಲವು ಗಾಡಿ ತಳ್ಳಿದರೂ ಹತ್ತುವುದಿಲ್ಲ.

ಬ್ಯಾಟರಿ ಒಳಗೆ ಏನಿದೆ?

ಹೆಚ್ಚಿನ ಗಾಡಿಗಳಲ್ಲಿ ಇರುವುದು ಸೀಸದ ಬ್ಯಾಟರಿ. ಅದರೊಳಗೆ ಆರು ಕೋಣೆಗಳಿವೆ. ಪ್ರತಿ ಕೋಣೆಯಲ್ಲೂ ಸೀಸದ ತಟ್ಟೆಗಳಿವೆ. ಗಂಧಕದ ಆಮ್ಲ ಮತ್ತು ನೀರು ಬೆರೆಸಿದ ದ್ರವ ಇದೆ. ಇದನ್ನೇ ನಾವು ಆಸಿಡ್ ಅನ್ನುತ್ತೇವೆ. ಒಂದು ಕೋಣೆ ಕೊಡುವುದು ಸುಮಾರು 2 ವೋಲ್ಟು. ಆರು ಕೋಣೆ ಸೇರಿ 12 ವೋಲ್ಟು.

ಬ್ಯಾಟರಿಯನ್ನು ನೀರಿನ ತೊಟ್ಟಿಗೆ ಹೋಲಿಸಬಹುದು. ಗಾಡಿ ಸ್ಟಾರ್ಟ್ ಆಗುವಾಗ ತೊಟ್ಟಿಯಿಂದ ಒಮ್ಮೆಲೇ ಬಹಳ ನೀರು ಹೋಗುತ್ತದೆ. ಗಾಡಿ ಓಡುವಾಗ ಎಂಜಿನ್ನಿನ ಪಕ್ಕದ ಮ್ಯಾಗ್ನೆಟ್ಟು ತಿರುಗುತ್ತದೆ. ಕರೆಂಟು ಹುಟ್ಟುತ್ತದೆ. ತೊಟ್ಟಿ ಮತ್ತೆ ತುಂಬುತ್ತದೆ. ತೆಗೆದದ್ದು ಹೆಚ್ಚು, ತುಂಬಿದ್ದು ಕಡಿಮೆ ಆದರೆ? ತೊಟ್ಟಿ ಬರಿದು!

ಬ್ಯಾಟರಿಯಲ್ಲಿ ಎರಡು ಜಾತಿ. ಒಂದಕ್ಕೆ ಮೇಲೆ ಆರು ಬಿರಟೆ ಇರುತ್ತವೆ. ಅದಕ್ಕೆ ಆಗಾಗ ನೀರು ಹಾಕಬೇಕು. ಇನ್ನೊಂದು ಪೂರ್ತಿ ಮುಚ್ಚಿದ್ದು. ಅದಕ್ಕೆ ನೀರು ಹಾಕುವ ಹಾಗಿಲ್ಲ, ಬಿಚ್ಚುವ ಹಾಗೂ ಇಲ್ಲ. ಈಚಿನ ಗಾಡಿಗಳಲ್ಲಿ ಇದೇ ಹೆಚ್ಚು.

ಯಾಕೆ ಇಳಿಯುತ್ತದೆ?

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಡೇರಿಗೆ ಹೋಗುತ್ತೇವೆ. ಹತ್ತು ಸಲ ಸ್ಟಾರ್ಟ್ ಮಾಡುತ್ತೇವೆ. ಗಾಡಿ ಓಡುವುದು ಒಂದೊಂದು ಫರ್ಲಾಂಗು. ತೆಗೆದಷ್ಟು ತುಂಬಲು ಸಮಯವೇ ಸಿಗುವುದಿಲ್ಲ.

ಹಬ್ಬಕ್ಕೋ ದುಡಿಮೆಗೋ ಊರು ಬಿಟ್ಟು ಹೋಗುತ್ತೇವೆ. ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಸುಮ್ಮನೆ ನಿಂತರೂ ಬ್ಯಾಟರಿ ನಿಧಾನವಾಗಿ ಇಳಿಯುತ್ತದೆ.

ದೊಡ್ಡ ಹಾರನ್ನು, ಬಣ್ಣದ ದೀಪ, ಫೋನು ಚಾರ್ಜು ಮಾಡುವ ಪಿನ್ನು ಎಲ್ಲವನ್ನೂ ಹಾಕಿಸುತ್ತೇವೆ. ಚಿಕ್ಕ ಬ್ಯಾಟರಿ ಎಷ್ಟೆಂದು ತಾಳೀತು?

ಇಳಿದ ಬ್ಯಾಟರಿಯನ್ನು ಹಾಗೇ ಬಿಡಬಾರದು. ಬಿಟ್ಟರೆ ಸೀಸದ ತಟ್ಟೆಯ ಮೇಲೆ ಬಿಳಿ ಉಪ್ಪಿನಂಥದು ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಿಡಿಯುವುದಿಲ್ಲ. ಬ್ಯಾಟರಿಗಳು ವಯಸ್ಸಾಗುವ ಮೊದಲೇ ಸಾಯಲು ಇದು ದೊಡ್ಡ ಕಾರಣ.

ಬ್ಯಾಟರಿ ಮೇಲೆ ಬರೆದದ್ದನ್ನು ಓದಿ

ಬ್ಯಾಟರಿಯ ಮೈಮೇಲೆ ಅಂಕಿಗಳಿವೆ. ಅವನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ.

12ರ ಮುಂದೆ 'ವಿ' ಎಂಬ ಇಂಗ್ಲಿಷ್ ಅಕ್ಷರ ಇದೆ. ಅದು ವೋಲ್ಟು. ಅದರ ಹತ್ತಿರ 4 ಅಥವಾ 5 ಅಥವಾ 9 ಇರಬಹುದು. ಮುಂದೆ 'ಎ.ಎಚ್.' ಎಂದಿರುತ್ತದೆ. ಅದು ಆಂಪಿಯರ್ ಅವರ್. ಅಂದರೆ ತೊಟ್ಟಿ ಎಷ್ಟು ದೊಡ್ಡದು ಎಂಬ ಲೆಕ್ಕ.

ಕೂಡಿಸುವ ಗುರುತು (+) ಇರುವುದು ಪ್ಲಸ್ ತುದಿ. ಅದಕ್ಕೆ ಕೆಂಪು ವೈರು. ಕಳೆಯುವ ಗುರುತು (–) ಇರುವುದು ಮೈನಸ್ ತುದಿ. ಅದಕ್ಕೆ ಸಾಮಾನ್ಯವಾಗಿ ಕಪ್ಪು ವೈರು. ಇವು ಅದಲು ಬದಲಾದರೆ ಫ್ಯೂಸು ಸುಡುತ್ತದೆ. ಗಾಡಿಯ ಕಂಪ್ಯೂಟರೂ ಸುಡಬಹುದು. ಬಣ್ಣ ಮಾತ್ರ ನೋಡಿ ನಂಬಬೇಡಿ. ಗುರುತು ಓದಿ.

ಚಾರ್ಜು ಇದೆಯೋ ಇಲ್ಲವೋ?

ಕೆಲವರು ವೈರು ತಾಗಿಸಿ ಕಿಡಿ ಹಾರಿಸಿ ನೋಡುತ್ತಾರೆ. "ಕಿಡಿ ಬಂತು, ಬ್ಯಾಟರಿ ಸರಿ ಇದೆ" ಅನ್ನುತ್ತಾರೆ. ಇದು ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಮೆಕ್ಯಾನಿಕ್ ಹತ್ತಿರ ಮೀಟರ್ ಇರುತ್ತದೆ. ಗಾಡಿ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಅದರಲ್ಲಿ ನೋಡಬೇಕು. 12.6 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಬ್ಯಾಟರಿ ತುಂಬಿದೆ. 12.4ಕ್ಕಿಂತ ಕೆಳಗಿದ್ದರೆ ಚಾರ್ಜು ಮಾಡಬೇಕು. 12ಕ್ಕಿಂತ ಕೆಳಗೆ ಹೋದರೆ ಬಹುಮಟ್ಟಿಗೆ ಬರಿದು.

ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಡಿ. ಮೀಟರ್ ಸುಮಾರು 13.5ರಿಂದ 14.5ರವರೆಗೆ ತೋರಿಸಬೇಕು. ಅಷ್ಟು ಏರದಿದ್ದರೆ ಗಾಡಿಯೇ ಬ್ಯಾಟರಿಗೆ ಕರೆಂಟು ಕೊಡುತ್ತಿಲ್ಲ. 15 ದಾಟಿದರೆ ಅತಿಯಾಗಿ ಕೊಡುತ್ತಿದೆ. ಆಗ ಬ್ಯಾಟರಿ ಕಾಯುತ್ತದೆ, ಉಬ್ಬುತ್ತದೆ. ಎರಡರಲ್ಲೂ ತಪ್ಪು ಬ್ಯಾಟರಿಯದ್ದಲ್ಲ. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಬೇಗ ಹೋಗುತ್ತದೆ. ದುಡ್ಡು ದಂಡ.

ಬಿಚ್ಚುವಾಗ ಮೊದಲು ಯಾವುದು?

ಕೀ ಆಫ್ ಮಾಡಿ. ಎಂಜಿನ್ ಓಡುವಾಗ ಬ್ಯಾಟರಿ ವೈರು ಎಂದೂ ಬಿಚ್ಚಬಾರದು. ಕೈಯ ಉಂಗುರ, ಲೋಹದ ಬಳೆ, ಗಡಿಯಾರ ತೆಗೆದಿಡಿ.

ಮೊದಲು ಮೈನಸ್ ಬಿಚ್ಚಿ. ಆಮೇಲೆ ಪ್ಲಸ್. ಹಾಕುವಾಗ ತಿರುಗಾಮುರುಗಾ: ಮೊದಲು ಪ್ಲಸ್, ಆಮೇಲೆ ಮೈನಸ್.

ಇದು ಯಾಕೆ ಹೀಗೆ? ಗಾಡಿಯ ಕಬ್ಬಿಣದ ಚೌಕಟ್ಟು ಪೂರ್ತಿ ಮೈನಸ್ಸಿಗೆ ಸೇರಿಕೊಂಡಿದೆ. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚೌಕಟ್ಟಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗುವುದಿಲ್ಲ.

ಚಾರ್ಜು ಮಾಡುವ ಕ್ರಮ

ಮೊದಲು ಬ್ಯಾಟರಿಯನ್ನು ಚೆನ್ನಾಗಿ ನೋಡಿ. ಬಿರುಕು ಬಿಟ್ಟಿದೆಯೇ? ಉಬ್ಬಿದೆಯೇ? ಸೋರುತ್ತಿದೆಯೇ? ಹಾಗಿದ್ದರೆ ಚಾರ್ಜಿಗೆ ಹಾಕಬೇಡಿ.

ಗಾಳಿ ಆಡುವ ಜಾಗದಲ್ಲಿ ಇಡಿ. ಪಡಸಾಲೆ, ಜಗಲಿ ಒಳ್ಳೆಯದು. ಅಡುಗೆಮನೆ, ಮಲಗುವ ಕೋಣೆ ಬೇಡ. ಮಕ್ಕಳ ಕೈಗೆ ಎಟುಕಬಾರದು.

ಮೋಟರ್ ಸೈಕಲ್ಲಿನ ಚಾರ್ಜರನ್ನೇ ಬಳಸಿ. ತುಂಬಿದ ಮೇಲೆ ತಾನೇ ನಿಲ್ಲುವಂಥದು ಸಿಗುತ್ತದೆ. ಬ್ಯಾಟರಿಗೆ ಎಷ್ಟು ಕರೆಂಟು ಕೊಡಬೇಕು? ಅದರ ಮೇಲೆ ಬರೆದ ಆಂಪಿಯರ್ ಅವರಿನ ಹತ್ತರಲ್ಲಿ ಒಂದು ಪಾಲು. 4 ಇದ್ದರೆ 0.4 ಆಂಪಿಯರು. 9 ಇದ್ದರೆ 0.9 ಆಂಪಿಯರು. ಪೂರ್ತಿ ಇಳಿದಿದ್ದರೆ ಹತ್ತು ಗಂಟೆಗೂ ಹೆಚ್ಚು ಹಿಡಿಯಬಹುದು. ಅವಸರ ಬೇಡ. ಲಾರಿ, ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರಿನಲ್ಲಿ 'ಒಂದೇ ಗಂಟೆಗೆ' ತುಂಬಿಸಿದರೆ ತಟ್ಟೆಗಳು ಕಾದು ಬಾಗುತ್ತವೆ.

ಕೆಲವು ಗಾಡಿಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದಕ್ಕೆ ಅದರದೇ ಚಾರ್ಜರು. ಇದರದು ಅದಕ್ಕೆ ಹಾಕಬಾರದು.

ಚಾರ್ಜರಿನ ಸ್ವಿಚ್ ಆಫ್ ಇರಲಿ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಕ್ಲಿಪ್ಪು ಮೈನಸ್ಸಿಗೆ ಹಾಕಿ. ಆಮೇಲೆ ಸ್ವಿಚ್ ಒತ್ತಿ. ಮುಗಿದ ಮೇಲೆ ಮೊದಲು ಸ್ವಿಚ್ ಆಫ್. ನಂತರ ಕ್ಲಿಪ್ಪು ತೆಗೆಯಿರಿ. ನಡುವೆ ಆಗಾಗ ಬ್ಯಾಟರಿ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ ನಿಲ್ಲಿಸಿ.

ಎಚ್ಚರ! ಕಾಣದ ಗ್ಯಾಸು

ಚಾರ್ಜು ಆಗುವಾಗ ಸೀಸದ ಬ್ಯಾಟರಿಯಿಂದ ಜಲಜನಕ ಎಂಬ ಗ್ಯಾಸು ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂದದ್ದು ಗೊತ್ತೇ ಆಗುವುದಿಲ್ಲ. ಒಂದು ಕಿಡಿ ಸಾಕು, ಭಗ್ಗೆಂದು ಹತ್ತುತ್ತದೆ. ಬ್ಯಾಟರಿ ಸಿಡಿದರೆ ಆಸಿಡ್ ಮುಖಕ್ಕೆ ಹಾರುತ್ತದೆ. ಅದಕ್ಕೇ ಕಿಡಿ ಹಾರಿಸಿ ನೋಡಬೇಡಿ ಎಂದದ್ದು.

ಬೀಡಿ, ಬೆಂಕಿಕಡ್ಡಿ, ಊದುಬತ್ತಿ, ಒಲೆ, ದೀಪ ಯಾವುದೂ ಹತ್ತಿರ ಇರಬಾರದು. ಬಗ್ಗಿ ಇಣುಕಬಾರದು. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು. ಬಿರಟೆ ಇರುವ ಬ್ಯಾಟರಿಗೆ ಗ್ಯಾಸು ಹೋಗಲು ಒಂದು ಸಣ್ಣ ರಬ್ಬರ್ ನಳಿಗೆ ಇರುತ್ತದೆ. ಅದು ಮಡಚಿರಬಾರದು, ಮುಚ್ಚಿರಬಾರದು.

ಆಸಿಡ್ ಮೈಗೆ ತಾಗಿದರೆ ಕೂಡಲೇ ನೀರು ಸುರಿದು ಚೆನ್ನಾಗಿ ತೊಳೆಯಿರಿ. ತಾಗಿದ ಬಟ್ಟೆ ಕಳಚಿ. ಕಣ್ಣಿಗೆ ಬಿದ್ದರೆ ಒಂದು ಕ್ಷಣವೂ ತಡಮಾಡಬೇಡಿ. ರೆಪ್ಪೆ ಅಗಲಿಸಿ ಹಿಡಿದು ಶುದ್ಧ ನೀರನ್ನು ಕಡೇಪಕ್ಷ 15 ನಿಮಿಷ ಹರಿಸಿ. ಕಣ್ಣು ಉಜ್ಜಬಾರದು. ಎದೆಹಾಲು, ಹರಳೆಣ್ಣೆ, ಸೋಡಾ ಏನನ್ನೂ ಬಿಡಬಾರದು. ತೊಳೆದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಮೊದಲ ಕೊಡ ನೀರು ಕಣ್ಣನ್ನು ಉಳಿಸಬಲ್ಲದು.

ದಿನದ ಜೋಪಾನ

ಬಿರಟೆ ಇರುವ ಬ್ಯಾಟರಿಯ ಮೈಮೇಲೆ ಎರಡು ಗೆರೆ ಇವೆ. ಒಳಗಿನ ದ್ರವ ಆ ಎರಡರ ನಡುವೆ ಇರಬೇಕು. ತಿಂಗಳಿಗೊಮ್ಮೆ ನೋಡಿ. ಕೆಳಗಿನ ಗೆರೆಗೆ ಇಳಿದಿದ್ದರೆ ಬ್ಯಾಟರಿ ನೀರು ಹಾಕಿ. ಅಂದರೆ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು, ಬೋರಿನ ನೀರು ಬೇಡ. ಅದರಲ್ಲಿನ ಉಪ್ಪು ತಟ್ಟೆಗಳನ್ನು ಕೆಡಿಸುತ್ತದೆ. ಆಸಿಡ್ಡೂ ಹಾಕಬಾರದು. ಆರಿ ಹೋಗುವುದು ನೀರು ಮಾತ್ರ.

ತುದಿಗಳ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ವೈರು ಬಿಚ್ಚಿ. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಈ ನೀರು ಬಿರಟೆಯ ಒಳಗೆ ಹೋಗಬಾರದು. ಒರೆಸಿ, ಒಣಗಿಸಿ, ವೈರು ಬಿಗಿಯಾಗಿ ಹಾಕಿ. ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ.

ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ಓಡಿಸಿ. ನಿಂತಲ್ಲೇ ಎರಡು ನಿಮಿಷ ಚಾಲೂ ಮಾಡಿ ಆರಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತಿಂಗಳುಗಟ್ಟಲೆ ಊರು ಬಿಡುವುದಾದರೆ ಬ್ಯಾಟರಿ ತುಂಬಿಸಿ, ಮೈನಸ್ ವೈರು ಬಿಚ್ಚಿಟ್ಟು ಹೋಗಿ.

ಹಳೆ ಬ್ಯಾಟರಿ ಏನು ಮಾಡೋದು?

ಎಷ್ಟೇ ಜೋಪಾನ ಮಾಡಿದರೂ ಬ್ಯಾಟರಿಗೆ ಮುಪ್ಪು ಬರುತ್ತದೆ. ಹಳೆಯದನ್ನು ಮನೆಯಲ್ಲಿ ಒಡೆಯಬೇಡಿ. ಬಲೆಯ ಗುಂಡಿಗೆ ಆಗುತ್ತದೆ ಅಂತ ಸೀಸ ಕರಗಿಸಬೇಡಿ. ಸೀಸದ ಹೊಗೆ, ಧೂಳು ವಿಷ. ಅದು ಎಳೆ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ಬಸುರಿಯರಿಗೂ ಕೆಟ್ಟದ್ದು. ಆಸಿಡ್ಡನ್ನು ಚರಂಡಿಗೆ, ಬಾವಿಯ ಹತ್ತಿರ ಚೆಲ್ಲಬೇಡಿ.

ಹಳೆ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಗೇ ಕೊಡಿ. ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಹಳೆಯವನ್ನು ಕೂಡಿಸಿ ಸರಿಯಾದ ಕಡೆ ಕಳಿಸಬೇಕು ಎಂದು ಸರ್ಕಾರ 2001ರಲ್ಲೇ ನಿಯಮ ಮಾಡಿತು. 2022ರಲ್ಲಿ ಹೊಸ ನಿಯಮ ಬಂದಿದೆ. ಹೊಸ ಬ್ಯಾಟರಿ ಕೊಳ್ಳುವಾಗ ವಾರಂಟಿ ಕಾರ್ಡು ಕೇಳಿ. ತಾರೀಖು ಬರೆದಿದೆಯೇ, ಅಂಗಡಿಯ ಸೀಲು ಬಿದ್ದಿದೆಯೇ ಓದಿ ನೋಡಿ.

ನೆನಪಿರಲಿ

ಬಿಚ್ಚುವಾಗ ಮೊದಲು ಮೈನಸ್. ಹಾಕುವಾಗ ಮೊದಲು ಪ್ಲಸ್.
ಗಾಳಿ ಇರಲಿ. ಬೆಂಕಿ, ಕಿಡಿ ದೂರ ಇರಲಿ.
ಚಾರ್ಜು ನಿಧಾನವಾಗಿ ಆಗಲಿ.
ಕಣ್ಣಿಗೆ ಆಸಿಡ್ ಬಿದ್ದರೆ ಮೊದಲು ನೀರು, ಆಮೇಲೆ ಆಸ್ಪತ್ರೆ.

ಈಗ ನಿಮ್ಮ ಗಾಡಿಯ ಹತ್ತಿರ ಹೋಗಿ. ಬ್ಯಾಟರಿ ಎಲ್ಲಿದೆ? ಅದರ ಮೇಲೆ ಎಷ್ಟು ವೋಲ್ಟು ಬರೆದಿದೆ? ಎಷ್ಟು ಆಂಪಿಯರ್ ಅವರ್? ಅದರ ಹತ್ತರಲ್ಲಿ ಒಂದು ಪಾಲು ಎಷ್ಟು? ಲೆಕ್ಕ ಮಾಡಿ, ಈ ಪುಟದ ಅಂಚಿನಲ್ಲಿ ಬರೆದಿಡಿ.