ಬೆಂಗಳೂರಿನ ಗಾಳಿ, ಡೈನೋ ಚೀಟಿ ಮತ್ತು ಆ ಎರಡೂವರೆ ಹಾರ್ಸ್‌ಪವರ್

ಜಯನಗರ, ಬನಶಂಕರಿ, ಬಿಟಿಎಂ ಕಡೆಯ ಬೈಕ್ ಹುಚ್ಚಿನ ಹುಡುಗರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಡೈನೋ ಚೀಟಿಗೆ ಮಾರ್ಕ್ಸ್ ಕಾರ್ಡಿನಷ್ಟೇ ಮರ್ಯಾದೆ. ‘ನಂದು 39 ಬಂತು ಮಗಾ, ನಿಂದೆಷ್ಟು?’ ನಾನು ಮೆಕ್ಯಾನಿಕಲ್ ಓದಿ ಎಂಜಿನ್ ಪರೀಕ್ಷೆಯ ಕೆಲಸದಲ್ಲೇ ಇರುವವಳು. ಅಂಥ ಚೀಟಿ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗೋದು ಮೂಲೆಯಲ್ಲಿರುವ ಚಿಕ್ಕ ಅಕ್ಷರಕ್ಕೆ. ಅಲ್ಲಿ ಎಸ್‌ಎಇ ಅಂತಿದೆಯೋ, ಎಸ್‌ಟಿಡಿ ಅಂತಿದೆಯೋ?

ಡೈನೋಗಳಲ್ಲಿ ಸರಳವಾದದ್ದು ಹೀಗಿರುತ್ತೆ: ಬೈಕಿನ ಹಿಂದಿನ ಚಕ್ರವನ್ನು ಭಾರವಾದ ಉಕ್ಕಿನ ಡ್ರಮ್ ಮೇಲೆ ಕೂರಿಸಿ, ಬೆಲ್ಟಿನಿಂದ ಬಿಗಿದು, ಒಂದೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಡುತ್ತಾರೆ. ಡ್ರಮ್ ಎಷ್ಟು ಬೇಗ ವೇಗ ಪಡೆಯಿತು ಅನ್ನೋದನ್ನ ಕಂಪ್ಯೂಟರ್ ಅಳೆದು ಪವರ್ ಲೆಕ್ಕ ಹಾಕುತ್ತೆ. ಅಂದರೆ ಇದು ಚಕ್ರದಲ್ಲಿ ಸಿಗುವ ಪವರ್. ಕಂಪನಿ ಹೇಳೋದು ಕ್ರ್ಯಾಂಕಿನದ್ದು. ಗೇರ್‌ಬಾಕ್ಸ್, ಚೈನು, ಟೈರು ಸೇರಿ ಶೇ 10–15 ನುಂಗುತ್ತವೆ. ಹಳೆಯ 373 ಸಿಸಿಯ ಡ್ಯೂಕ್ 390ಕ್ಕೆ ಕಂಪನಿಯ ಲೆಕ್ಕ 43.5 ಪಿಎಸ್. ಚಕ್ರದಲ್ಲಿ 37–39 ಬಂದರೆ ಗಾಬರಿ ಬೇಡ.

ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ನಮ್ಮೂರಿನ ಎತ್ತರದ ಕಥೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ 10 ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅಷ್ಟೇ ಉಸಿರು ಕಡಿಮೆ, ಅಷ್ಟೇ ಪವರ್ ಕಡಿಮೆ. ಚೆನ್ನೈನ ಬೈಕಿಗೂ ನಮ್ಮ ಬೈಕಿಗೂ ಹೋಲಿಕೆ ಸಾಧ್ಯವಾಗಲಿ ಅಂತ ಡೈನೋ ತಂತ್ರಾಂಶ ಒಂದು ಗುಣಕದಿಂದ ಗುಣಿಸುತ್ತೆ. ಎಸ್‌ಎಇ ಲೆಕ್ಕದಲ್ಲಿ ಬೆಂಗಳೂರಿಗೆ ಅದು 1.12ರ ಆಸುಪಾಸು. ಡ್ರಮ್ ಮೇಲೆ ನಿಜವಾಗಿ ಬಂದದ್ದು 33 ಆದರೆ ಚೀಟಿಯಲ್ಲಿ 37! ಎಸ್‌ಟಿಡಿ ಅನ್ನೋ ಹಳೆಯ ಲೆಕ್ಕ ಇನ್ನೂ ತಂಪಾದ, ಒತ್ತಡ ಹೆಚ್ಚಿರುವ ಗಾಳಿಯನ್ನು ಊಹಿಸಿಕೊಳ್ಳುತ್ತೆ. ಹಾಗಾಗಿ ಅದರ ಮೇಲೆ ಸುಮಾರು ಶೇ 4 ಹೆಚ್ಚು ತೋರಿಸುತ್ತೆ.

ಎಂಜಿನ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1585 ತನ್ನ ಗುಣಕ 0.93 ರಿಂದ 1.07ರೊಳಗೆ ಇರಬೇಕು ಅನ್ನುತ್ತೆ. ಅದರ ಸೂತ್ರಕ್ಕೆ ನಮ್ಮೂರಿನ ಗಾಳಿ ಹಾಕಿದರೆ ಉತ್ತರ ಆ ಗೆರೆ ದಾಟುತ್ತೆ. ಇಲ್ಲಿನ ಚೀಟಿಯ ದಶಮಾಂಶದ ಅಂಕಿಗೆ ಜಗಳ ಆಡೋರನ್ನ ಕಂಡರೆ ನನಗೆ ನಗು ಬರೋದು ಅದಕ್ಕೇ.

ಈಚೆಗೆ ನನ್ನ ತಮ್ಮ ಎರಡು ಚೀಟಿ ಹಿಡಿದುಕೊಂಡು ಬಂದ. ಒಂದು ಅಂಗಡಿಯಲ್ಲಿ ಮಾರ್ಪಾಡಿಲ್ಲದ ಬೈಕು 36.4. ಇನ್ನೊಂದರಲ್ಲಿ ಹೊಸ ಎಕ್ಸಾಸ್ಟ್ ಮತ್ತು ಇಸಿಯು ಮ್ಯಾಪ್ ಪರೀಕ್ಷೆಗೆ ಹಾಕಿ 38.9. ‘ಅಕ್ಕಾ, ಎರಡೂವರೆ ಜಾಸ್ತಿ ಆಯ್ತು ನೋಡು. ಇಪ್ಪತ್ತೆರಡು ಸಾವಿರ ಅಷ್ಟೇ.’ ಅವನ ಮೊದಲ ಕೆಲಸ, ಪಿಜಿ ಬಾಡಿಗೆ ಬೇರೆ. ನಾನು ಮೂಲೆ ತೋರಿಸಿದೆ: ಮೊದಲನೆಯದು ಎಸ್‌ಎಇ, ಎರಡನೆಯದು ಎಸ್‌ಟಿಡಿ.

ಶನಿವಾರ ಇಬ್ಬರೂ ಎರಡನೇ ಅಂಗಡಿಗೆ ಹೋದೆವು. ಯಜಮಾನರು ಒಳ್ಳೆಯವರು, ಮುಖ ಗಂಟಿಕ್ಕಲಿಲ್ಲ. ಅದೇ ಹಳೆಯ ಓಟವನ್ನು ಎಸ್‌ಎಇಗೆ ಬದಲಿಸಿ ತೋರಿಸಿದರು: 37.4. ಒಂದೂವರೆ ಹಾರ್ಸ್‌ಪವರ್ ಒಂದೇ ಕ್ಲಿಕ್ಕಿಗೆ ಮಾಯ. ಉಳಿದ ಒಂದಾದರೂ ನಿಜವೇ? ಬೇರೆ ಯಂತ್ರ, ಬೇರೆ ದಿನ. ಟೈರಿನ ಗಾಳಿ ಕಡಿಮೆ ಇದ್ದರೆ, ಬೆಲ್ಟ್ ಹೆಚ್ಚು ಬಿಗಿದರೆ, ಚೈನು ಒಣಗಿದ್ದರೆ, ಎಂಜಿನ್ ಕಾದಿದ್ದರೆ, ಮುಂದಿನ ಫ್ಯಾನ್ ಸಣ್ಣದಿದ್ದರೆ ಅಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತೆ.

ಹಾಗಾಗಿ ಆವತ್ತೇ, ಅದೇ ಯಂತ್ರದ ಮೇಲೆ, ಅದೇ ಗೇರಿನಲ್ಲಿ ಮೂರು ಮೂರು ಓಟ ಓಡಿಸಲು ಕೇಳಿದೆವು. ಹಳೆಯ ಸೈಲೆನ್ಸರ್, ಹಳೆಯ ಮ್ಯಾಪ್: 36.7, 36.5, 36.9. ಹೊಸದೆರಡೂ ಹಾಕಿ: 37.4, 37.1, 37.3. ಅಂದರೆ ಅರ್ಧ ಹಾರ್ಸ್‌ಪವರ್. ಎರಡೂವರೆ ಎಲ್ಲಿ, ಅರ್ಧ ಎಲ್ಲಿ!

ಹಾಗಂತ ಡೈನೋ ಬೊಗಳೆ ಅಲ್ಲ. ಒಂದೇ ಬೈಕಿನ ಮೊದಲು–ಆಮೇಲೆ ತೋರಿಸೋಕೆ ಅದರಂಥ ಸಾಧನ ಇಲ್ಲ, ಗರಿಷ್ಠ ಸಂಖ್ಯೆ ಬಿಟ್ಟು ಗೆರೆಯ ಆಕಾರ ನೋಡಿದರೆ. ಹಳೆಯ ಗೆರೆಯಲ್ಲಿ 4,500 ಆರ್‌ಪಿಎಂ ಹತ್ತಿರ ಒಂದು ಗುಂಡಿ ಇತ್ತು. ಹಳೆಯ ಸೈಲೆನ್ಸರ್ ಇಟ್ಟು ಮ್ಯಾಪ್ ಮಾತ್ರ ಬದಲಿಸಿದಾಗಲೂ ಅದು ತುಂಬಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ 9,000 ಆರ್‌ಪಿಎಂ ಕಟ್ಟಿಕೊಂಡು ಏನು ಮಾಡೋದು? ಅಲ್ಲಿ ಬೇಕಿರೋದು ಈ ಮಧ್ಯದ್ದು.

ಗೆರೆಯ ಕೆಳಗೆ ಇನ್ನೊಂದು ಗೆರೆ ಇರುತ್ತೆ, ಗಾಳಿ–ಪೆಟ್ರೋಲ್ ಅನುಪಾತದ್ದು. ಎಂಜಿನ್ನಿನ ಆಯಸ್ಸು ಇರೋದು ಅದರಲ್ಲಿ. ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ತೀರಾ ಕಡಿಮೆಯಾದರೆ ಪವರ್ ಚೆನ್ನಾಗಿಯೇ ಕಾಣಬಹುದು, ಆದರೆ ಒಳಗೆ ಪಿಸ್ಟನ್ ಬೇಯುತ್ತಿರುತ್ತೆ. ಆ ಗೆರೆ ಮುದ್ರಿಸಿ ಕೊಡದ ಅಂಗಡಿಗೆ ನಾನಂತೂ ದುಡ್ಡು ಕೊಡಲ್ಲ.

ತಮ್ಮ ಮ್ಯಾಪ್ ಮಾತ್ರ ಹಾಕಿಸಿಕೊಂಡ. ಎಕ್ಸಾಸ್ಟ್ ಕಳಚಿ ವಾಪಸ್ ಕೊಟ್ಟ. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ನಿನಲ್ಲಿ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಇದೆ ಅಂತ ಹೇಳಿದ್ದಕ್ಕಲ್ಲ. ‘ಸೌಂಡ್ ಮಾತ್ರ ಸಖತ್ತಾಗಿತ್ತು ಅಕ್ಕಾ’ ಅಂತ ಮನೆ ಸೇರುವವರೆಗೂ ಗೊಣಗುತ್ತಲೇ ಇದ್ದ.