ನಡೆದಾಗ ಬರುವ ಕಾಲುನೋವು ಮತ್ತು ಸಿಲೋಸ್ಟಜಾಲ್ ಮಾತ್ರೆ: ತಿಳಿದಿರಬೇಕಾದ ಅಂಶಗಳು

ಉದ್ಯೋಗ ಖಾತರಿ ಕಾಮಗಾರಿಯ ಸ್ಥಳಗಳಲ್ಲಿ ಮಣ್ಣಿನ ಬುಟ್ಟಿ ಹೊತ್ತ ಹಿರಿಯರು ನೂರು ಹೆಜ್ಜೆ ನಡೆದು ಮೀನಖಂಡ ಹಿಡಿದು ನಿಲ್ಲುವುದನ್ನು ಕಾಣುತ್ತೇವೆ. ಕೆಲವು ನಿಮಿಷ ನಿಂತರೆ ನೋವು ತಾನಾಗಿಯೇ ಇಳಿಯುತ್ತದೆ. ನಡೆದರೆ ಮರಳಿ ಬರುತ್ತದೆ. ಇದನ್ನು ವಾತವೆಂದೋ ವಯಸ್ಸಿನ ಸುಸ್ತೆಂದೋ ಕಡೆಗಣಿಸುವುದು ರೂಢಿ. ಆದರೆ ಇದು ಕಾಲಿನ ಅಪಧಮನಿಗಳು ಕಿರಿದಾಗಿರುವುದರ ಲಕ್ಷಣವಾಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಹಾಗೂ ಮಧುಮೇಹಿಗಳಲ್ಲಿ ಈ ತೊಂದರೆ ಹೆಚ್ಚು.

ಇಂತಹ ನೋವಿಗೆ ವೈದ್ಯರು ಬರೆದುಕೊಡುವ ಔಷಧಗಳಲ್ಲಿ ಸಿಲೋಸ್ಟಜಾಲ್ ಒಂದು. ಇದು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ. ಕುಡಿಯುವ ನೀರಿನ ಕೊಳವೆಯೊಳಗೆ ಉಪ್ಪು ಕಟ್ಟಿಕೊಳ್ಳುವಂತೆ ಅಪಧಮನಿಯಲ್ಲಿ ಕೊಬ್ಬಿನ ಪದರ ಕಟ್ಟಿಕೊಂಡಿರುತ್ತದೆ. ಈ ಮಾತ್ರೆ ಆ ಪದರವನ್ನು ಕರಗಿಸುವುದಿಲ್ಲ. ನೋವಿಲ್ಲದೆ ನಡೆಯಬಹುದಾದ ದೂರವನ್ನು ಹೆಚ್ಚಿಸುವುದಷ್ಟೇ ಇದರ ಕೆಲಸ. ಧೂಮಪಾನ ಬಿಡುವುದು ಮತ್ತು ವೈದ್ಯರು ಹೇಳಿದ ಕ್ರಮದಲ್ಲಿ ದಿನವೂ ನಡೆಯುವುದು ಮಾತ್ರೆಗಿಂತ ಮೊದಲು ಬರಬೇಕಾದ ಚಿಕಿತ್ಸೆ.

ಸಾಮಾನ್ಯ ಪ್ರಮಾಣ 100 ಮಿ.ಗ್ರಾಂ., ದಿನಕ್ಕೆ ಎರಡು ಬಾರಿ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಎರಡು ಗಂಟೆಯ ನಂತರ. ಗುಣ ಕಾಣಲು 2ರಿಂದ 4 ವಾರ, ಕೆಲವರಲ್ಲಿ 12 ವಾರಗಳವರೆಗೂ ಬೇಕಾಗಬಹುದು. 3 ತಿಂಗಳಾದರೂ ಪ್ರಯೋಜನ ಕಾಣದಿದ್ದರೆ ಮುಂದುವರಿಸಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳತಕ್ಕದ್ದು. ತಲೆನೋವು, ಭೇದಿ, ಎದೆಬಡಿತ ಇದರ ಸಾಮಾನ್ಯ ಅಡ್ಡಪರಿಣಾಮಗಳು.

ಅತಿ ಮುಖ್ಯವಾದ ಎಚ್ಚರಿಕೆಯೆಂದರೆ, ಹೃದಯ ವೈಫಲ್ಯವಿರುವವರು, ಅದು ಎಷ್ಟೇ ಸೌಮ್ಯವಾಗಿರಲಿ, ಈ ಮಾತ್ರೆಯನ್ನು ಸೇವಿಸಲೇಬಾರದು. ಇದೇ ರೀತಿ ಕೆಲಸ ಮಾಡುವ ಬೇರೆ ಔಷಧಗಳಿಂದ ಅಂತಹ ರೋಗಿಗಳಲ್ಲಿ ಸಾವು ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ. ನೆರೆಮನೆಯವರ ಖಾಲಿ ಪಟ್ಟಿಯನ್ನು ಅಂಗಡಿಯಲ್ಲಿ ತೋರಿಸಿ ಮಾತ್ರೆ ತರುವ ನಮ್ಮ ಹಳ್ಳಿಗಳ ಅಭ್ಯಾಸ ಇಲ್ಲಿ ಪ್ರಾಣಕ್ಕೇ ಎರವಾಗಬಲ್ಲದು. ಪಾದ ಊದಿಕೊಳ್ಳುವುದು, ಮಲಗಿದರೆ ಉಸಿರು ಕಟ್ಟುವುದು ಇದ್ದಲ್ಲಿ ಮೊದಲು ಹೃದಯದ ತಪಾಸಣೆ ಆಗಬೇಕು. ರಕ್ತಸ್ರಾವದ ತೊಂದರೆ ಇರುವವರೂ ಗರ್ಭಿಣಿಯರೂ ಇದನ್ನು ಸೇವಿಸಬಾರದು.

'ಗ್ಯಾಸ್ ಮಾತ್ರೆ' ಎಂದು ಎಲ್ಲರೂ ನುಂಗುವ ಒಮೆಪ್ರಜೋಲ್ ಕೂಡ ರಕ್ತದಲ್ಲಿ ಈ ಔಷಧದ ಪರಿಣಾಮವನ್ನು ಹೆಚ್ಚಿಸುತ್ತದೆ. ಆಗ ವೈದ್ಯರು ಪ್ರಮಾಣವನ್ನು 50 ಮಿ.ಗ್ರಾಂ.ಗೆ ಇಳಿಸಬೇಕಾಗುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಸೇವಿಸುವವರೂ ಅದನ್ನು ಮುಂಚೆಯೇ ತಿಳಿಸಬೇಕು. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಕೊಂಡೊಯ್ಯುವುದು.

ವಿಶ್ರಾಂತಿಯಲ್ಲಿದ್ದಾಗಲೂ ಕಾಲು ನೋಯುತ್ತಿದ್ದರೆ, ಬೆರಳು ಕಪ್ಪಾಗಿದ್ದರೆ ಅಥವಾ ಗಾಯ ಮಾಯದಿದ್ದರೆ ಮಾತ್ರೆಯ ಫಲಕ್ಕಾಗಿ ಕಾಯದೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ತೆರಳತಕ್ಕದ್ದು.